ಕಾಕತಾಳೀಯವೆಂಬ ನೆಪ

ಸನ್ 2024ನೆಯ ಇಸವಿಯ ಎಪ್ರಿಲ್ ತಿಂಗಳ 3ನೆಯ ತಾರೀಖಿನ ಸಾಯಂಕಾಲ ಇಂಡಿ ತಾಲೂಕಿನ ಲಚ್ಯಾಣ ಗ್ರಾಮದ ಹೊಲವೊಂದರಲ್ಲಿ, ಹೊಸದಾಗಿ ಕೊರೆಯಿಸಿದ ಕೊಳವೆಬಾವಿಯ ಬಾಯಿಯೊಳಗೆ ಪುಟ್ಟ ಕೂಸೊಂದು ಜಾರಿ ಬಿದ್ದಿತು. ಸುಮಾರು ಹದಿನಾರು ಅಡಿಗಳ ಆಳದಲ್ಲಿ ತಲೆಕೆಳಗಾಗಿ ಸಿಕ್ಕಿಕೊಂಡಿದ್ದ ಅದನ್ನು, ಬಾವಿಯ ಪಕ್ಕದಲ್ಲಿ ಬೇರೊಂದು ತಗ್ಗನ್ನು ತೋಡಿ, ಅಲ್ಲಿಂದ ಅಡ್ಡಲಾಗಿ ಕೊರೆದು, ಇಪ್ಪತ್ತು ತಾಸುಗಳ ವರೆಗೆ ಕಣ್ಣಿಗೆ ನಿದ್ರೆಯಿಲ್ಲದೆ ದುಡಿದ ಜನರು ಮರುದಿನ ಮಧ್ಯಾಹ್ನ ಜೀವಸಹಿತವಾಗಿ ಮೇಲಕ್ಕೆ ತಂದರು. ನಾಡಿಗೆ ನಾಡೇ ಉಸಿರು ಬಿಗಿಹಿಡಿದು ನೋಡಿದ ಪ್ರಸಂಗವದು. ಊರವರು ಸಿದ್ಧಲಿಂಗ ಮಹಾರಾಜರಿಗೆ ಕೈಮುಗಿದರು. ಅದು ಅವರ ಭಕ್ತಿಗೆ ತಕ್ಕುದೇ ಆಗಿತ್ತು. ಕೂಸಿನ ಮನೆಯವರನ್ನು ಈಗ ದೂಷಿಸುವದರಿಂದಲೂ ಬರುವ ಪುಣ್ಯವಿಲ್ಲ. ಆ ಇಪ್ಪತ್ತು ತಾಸುಗಳಲ್ಲಿ ಅವರು ಪಟ್ಟ ಸಂಕಟವು ಯಾವ ದಂಡಕ್ಕೂ ಕಡಿಮೆಯಾದದ್ದಲ್ಲ.

ಆದರೆ ಈ ಸಂತೋಷದ ಗದ್ದಲದಲ್ಲಿ ಒಂದು ಸಣ್ಣ ಪ್ರಶ್ನೆಯು ಯಾರ ಕಿವಿಗೂ ಬೀಳದೆ ಹೋಯಿತು. ಯಂತ್ರವು ಕೊರೆದು ಹೋದ ಗಳಿಗೆಗೂ ಕೂಸು ಬಿದ್ದ ಗಳಿಗೆಗೂ ನಡುವೆ ಆ ಬಾಯಿಯನ್ನು ಮುಚ್ಚುವ ಹೊಣೆಯು ಯಾರದಾಗಿತ್ತು? ಕೊರೆದವನದೋ, ಕೊರೆಯಿಸಿದವನದೋ, ಕೊರೆಯುವದನ್ನು ತಿಳಿದಿರಬೇಕಾದ ಕಚೇರಿಯದೋ? ಊರಕಟ್ಟೆಯ ಮೇಲೆ ಕೇಳಿದರೆ ದೊರೆಯುವ ಉತ್ತರವು ಒಂದೇ: ಎಲ್ಲ ಹಣೆಬರಹ. ಈ ಉತ್ತರದೊಡನೆಯೇ ಈ ಲೇಖನದ ಜಗಳ.

ಲಚ್ಯಾಣದ ಸ್ಟೇಶನ್ನಿನಲ್ಲಿ ರೈಲು ಹತ್ತಿದವನು ಇಂಡಿ ರೋಡ, ನಿಂಬಾಳಗಳನ್ನು ದಾಟಿ ವಿಜಯಪುರಕ್ಕೆ ಬಂದು ಇಳಿಯುವನು. ಆ ನಗರದ ಹೊರವಲಯದ ಅಲಿಯಾಬಾದ ಕೈಗಾರಿಕಾ ಪ್ರದೇಶದಲ್ಲಿ, ಲಚ್ಯಾಣದ ಪ್ರಸಂಗಕ್ಕೆ ನಾಲ್ಕು ತಿಂಗಳು ಮೊದಲು, ಎಂದರೆ 2023ರ ಡಿಸೆಂಬರ್ 4ನೆಯ ತಾರೀಖಿನ ಸಾಯಂಕಾಲ, ಧಾನ್ಯವನ್ನು ಸಂಸ್ಕರಿಸುವ ಕಾರಖಾನೆಯೊಂದರಲ್ಲಿ ಗೋವಿನಜೋಳವನ್ನು ತುಂಬಿದ ದೊಡ್ಡ ಸಂಗ್ರಹಪಾತ್ರೆಯು ಕುಸಿಯಿತು. ಕೆಳಗೆ ದುಡಿಯುತ್ತಿದ್ದವರು ಕಾಳಿನ ರಾಶಿಯಡಿಯಲ್ಲಿ ಹೂತುಹೋದರು. ರಾತ್ರಿಯೆಲ್ಲ ಕಾಳು ತೋಡಿ ಎತ್ತಿದರೂ ಏಳು ಜನರು ಹೆಣವಾಗಿಯೇ ಸಿಕ್ಕರು. ಆ ಏಳೂ ಜನರು ಬಿಹಾರದಿಂದ ಹೊಟ್ಟೆಯ ಸಲುವಾಗಿ ಬಂದವರು. ಅಲ್ಲಿಯೂ ಪೇಟೆಯ ಬಾಯಲ್ಲಿ ಕೇಳಿಬಂದ ಮಾತು ಇದೇ: ಎಲ್ಲಿಯ ಬಿಹಾರ, ಎಲ್ಲಿಯ ವಿಜಯಪುರ, ಅವರ ಮರಣವು ಇಲ್ಲಿ ಬರೆದಿತ್ತು!

ಸಂಸ್ಕೃತವನ್ನು ಅಷ್ಟಿಷ್ಟು ಬಲ್ಲವರು ಈ ಹಣೆಬರಹಕ್ಕೆ ಶಾಸ್ತ್ರದ ಅಂಗಿಯೊಂದನ್ನು ತೊಡಿಸಿ ಕಾಕತಾಳೀಯವೆಂದು ಕರೆಯುವರು. ಕಾಗೆಯು ಬಂದು ಕುಳಿತದ್ದಕ್ಕೂ ತಾಳೆಯ ಹಣ್ಣು ಕಳಚಿ ಬಿದ್ದದ್ದಕ್ಕೂ ಕಾರ್ಯಕಾರಣಸಂಬಂಧವಿಲ್ಲ. ಎರಡೂ ಒಮ್ಮೆಲೆ ಕೂಡಿ ಬಂದವು, ಅಷ್ಟೇ. ನ್ಯಾಯವೇನೋ ನಿರ್ದುಷ್ಟವಾದದ್ದೇ. ಆದರೆ ಅದೇ ಮರದಡಿಯಲ್ಲಿ ವರ್ಷವರ್ಷವೂ ಕಾಗೆಯು ಸಾಯುತ್ತಿದ್ದರೆ ಅದನ್ನು ಕಾಕತಾಳೀಯವೆನ್ನುವವನು ನ್ಯಾಯವನ್ನು ಓದಿದವನಲ್ಲ, ಮರದ ಒಡೆಯನ ಅನ್ನವನ್ನುಂಡವನು. 2014ರ ಜೂನ್ ತಿಂಗಳಲ್ಲಿ ಇದೇ ಜಿಲ್ಲೆಯ ನಾಗಠಾಣದಲ್ಲಿ ಕೊಳವೆಬಾವಿಗೆ ಬಿದ್ದ ಬಾಲಕಿಯು ಬದುಕಿ ಬರಲಿಲ್ಲ. ಅದೇ ವರ್ಷದ ಅಗಸ್ಟಿನಲ್ಲಿ ಬಾದಾಮಿ ತಾಲೂಕಿನ ಸೂಳಿಕೇರಿಯಲ್ಲಿ ಒಬ್ಬ ಬಾಲಕನ ಗತಿಯೂ ಹಾಗೆಯೇ ಆಯಿತು. 2018ರ ಡಿಸೆಂಬರದಲ್ಲಿ ಮುಧೋಳದ ಹತ್ತಿರದ ಸಕ್ಕರೆ ಕಾರಖಾನೆಯೊಂದರ ಕೊಳೆನೀರಿನ ಘಟಕವು ಸಿಡಿದು ನಾಲ್ವರು ಸತ್ತರು. ತಾಳೆಯ ಹಣ್ಣು ಎಷ್ಟು ಸಲ ಬಿದ್ದರೆ ಮರವನ್ನು ತಲೆಯೆತ್ತಿ ನೋಡಬೇಕು?

ದೈವವಾದಿಗಳು ಶಾಸ್ತ್ರವನ್ನೇ ಮುಂದೊಡ್ಡುವದಾದರೆ ಯೋಗವಾಸಿಷ್ಠವನ್ನು ತೆರೆದು ನೋಡಲಿ. ಅಲ್ಲಿ ವಸಿಷ್ಠನು ರಾಮನಿಗೆ ಉಪದೇಶಿಸುವದು ಪುರುಷಪ್ರಯತ್ನವನ್ನೇ. ದೈವದ ಮೇಲೆ ಭಾರ ಹಾಕಿ ಕೂಡುವವನನ್ನು ಆ ಗ್ರಂಥವು ಮೂಢರ ಸಾಲಿನಲ್ಲಿ ಕುಳ್ಳಿರಿಸಿದೆ. ಇಷ್ಟು ದೂರ ಹೋಗುವದೂ ಬೇಡ. ಕೂಲಿಯವನ ಸಾವಿಗೆ ವಿಧಿಯನ್ನು ಸಾಕ್ಷಿಗೆ ಕರೆಯುವ ಸಾಹುಕಾರನು ತನ್ನ ತಿಜೋರಿಯ ಕೀಲಿಯನ್ನು ವಿಧಿಯ ಕೈಯಲ್ಲಿ ಕೊಡುವದಿಲ್ಲ. ಗೋದಾಮಿನ ಕಾಳಿಗೆ ಬೆಂಕಿಯ ವಿಮೆ, ಕಳವಿನ ವಿಮೆ. ಕಾಳನ್ನು ಹೊರುವವನಿಗೆ ಮಾತ್ರ ಪ್ರಾರಬ್ಧ!

ಕೊಳವೆಬಾವಿಯ ವಿಷಯವನ್ನೇ ಇನ್ನೂ ಹತ್ತಿರದಿಂದ ನೋಡಬೇಕು. ಪಾಠಶಾಲೆಗಳಲ್ಲಿ ಕೂಪಖಾನಕನ್ಯಾಯವೆಂಬುದನ್ನು ಹೇಳಿಕೊಡುವರು. ಪತಂಜಲಿಯ ಮಹಾಭಾಷ್ಯದ ಮೊದಲನೆಯ ಆಹ್ನಿಕದಲ್ಲಿಯೇ ಅದರ ಪ್ರಸ್ತಾಪವಿದೆ. ಬಾವಿಯನ್ನು ತೋಡುವವನು ತೋಡುವಾಗ ಮಣ್ಣು ಕೆಸರುಗಳಿಂದ ಮೈಯನ್ನು ಹೊಲಸು ಮಾಡಿಕೊಂಡರೂ, ನೀರು ಬಿದ್ದ ಮೇಲೆ ಅದೇ ನೀರಿನಿಂದ ಆ ಕೊಳೆಯನ್ನು ತೊಳೆದುಕೊಂಡು ಅಧಿಕವಾದ ಲಾಭವನ್ನೂ ಪಡೆಯುವನೆಂಬುದು ಅದರ ತಾತ್ಪರ್ಯ. ಎರಡು ಸಾವಿರ ವರ್ಷಗಳ ಹಿಂದೆ ಇದು ನಿಜವಾಗಿದ್ದೀತು. ಇಂದಿನ ಕೂಪಖಾನಕನು ತಮಿಳುನಾಡಿನ ತಿರುಚೆಂಗೋಡಿನ ಕಡೆಯ ಗಾಡಿಯೊಂದಿಗೆ ಬಂದ ತರುಣ. ಇಲ್ಲವೆ ಛತ್ತೀಸಗಡ, ಝಾರಖಂಡಗಳಿಂದ ಬಂದು ಆ ಗಾಡಿಯ ಮೇಲೆಯೇ ಉಂಡು ಮಲಗುವವನು. ನೀರು ಬಿದ್ದೊಡನೆ ಅವನು ಗಾಡಿ ಕಟ್ಟಿ ಮುಂದಿನ ಊರಿಗೆ ಹೊರಡಬೇಕು. ನೀರು ಹೊಲದವನಿಗೆ, ಹಣವು ಗಾಡಿಯ ಒಡೆಯನಿಗೆ, ದಲಾಲಿಯು ದಲಾಲನಿಗೆ, ಕೊಳೆಯೊಂದೇ ಅವನಿಗೆ. ಅದೂ ತೊಳೆದರೆ ಹೋಗುವ ಮೈಮೇಲಿನ ಕೊಳೆಯಲ್ಲ, ಶ್ವಾಸಕೋಶದೊಳಗೆ ಇಳಿದು ಕುಳಿತ ಕಲ್ಲಿನ ಧೂಳು.

ಆ ಯಂತ್ರದ ಕೆಲಸವನ್ನು ನೋಡದವರು ಯಾರು? ಒತ್ತಡದ ಗಾಳಿಯು ಕೊಳವೆಯೊಳಗಿಂದ ಕೆಳಗಿಳಿದು ಸುತ್ತಿಗೆಯನ್ನು ಬಡಿಯಿಸುವದು. ಪುಡಿಯಾದ ಕಲ್ಲು ಅದೇ ಗಾಳಿಯೊಡನೆ ಮೇಲಕ್ಕೆ ಚಿಮ್ಮಿ, ನೀರು ಸಿಕ್ಕುವ ವರೆಗೂ ಬಿಳಿಯ ಮೋಡದಂತೆ ಗಾಡಿಯನ್ನೆಲ್ಲ ಮುಸುಕುವದು. ಕೊಳವೆಯೊಳಗೆ ತುಸು ನೀರನ್ನು ಬಿಡುತ್ತ ಕೊರೆದರೆ ಈ ಮೋಡದ ಬಹುಭಾಗವು ಅಲ್ಲಿಯೇ ಕೆಸರಾಗಿ ಅಡಗುವದು. ಇಂಡಿಯ ಕಡೆಯ ಕರಿಕಲ್ಲಿನಲ್ಲಿ ಬೆಣಚಿನ ಅಂಶವು ಅಲ್ಪವೆಂಬುದು ನಿಜ. ಆದರೆ ಅದೇ ಗಾಡಿ, ಅದೇ ಎದೆ, ಮುಂದಿನ ವಾರ ಮುದ್ದೇಬಿಹಾಳದ ಕಡೆಯ ಬೇರೆ ಕಲ್ಲಿನ ಮೇಲೆ ನಿಂತಿರುವದು. ಬೆಣಚಿನ ಧೂಳು ಮಾಡುವ ಕೇಡನ್ನು ಈ ನಾಡು ಹೊಸದಾಗಿ ಕಲಿಯಬೇಕಾಗಿಲ್ಲ. 1880ರಿಂದ ಜಾನ್ ಟೇಲರ್ ಕಂಪನಿಯು ನಡೆಯಿಸಿದ ಕೋಲಾರದ ಚಿನ್ನದ ಗಣಿಗಳಲ್ಲಿ 1940ರಿಂದ 1946ರ ವರೆಗೆ ಏಳು ಸಾವಿರಕ್ಕೂ ಮಿಕ್ಕ ಕೆಲಸಗಾರರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಜನರಲ್ಲಿ ಸಿಲಿಕೋಸಿಸ್ ರೋಗವು ಕಂಡುಬಂದಿತು. ಆಳದಲ್ಲಿ ಇಳಿಯುತ್ತಿದ್ದವರು ಬಹುಮಟ್ಟಿಗೆ ತಮಿಳು ಸೀಮೆಯಿಂದ ಬಂದ ಬಡಜಾತಿಗಳವರು; ಮೇಲೆ ಬಂಗಲೆಗಳಲ್ಲಿದ್ದವರು ಬೇರೆ. ಈ ರೋಗದ ಕ್ರೌರ್ಯವೆಂದರೆ ಅದರ ಸಾವಕಾಶ. ಕೆಲಸ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ, ಬೇರೊಂದು ಊರಿನಲ್ಲಿ, ಕ್ಷಯವೆಂಬ ಹೆಸರಿನಿಂದ ಅದು ಮನುಷ್ಯನನ್ನು ಒಯ್ಯುವದು. ಗಣಿಗಳು 2001ರಲ್ಲಿ ಮುಚ್ಚಿದವು, ಧೂಳು ಮುಚ್ಚಲಿಲ್ಲ.

ಕೆಲಸಗಾರನಿಗೆ ಅಪಾಯವಾದ ಸ್ಥಳವು ಅವನು ಹೋದ ಮೇಲೆ ಊರಿಗೆ ಅಪಾಯವಾಗಿ ಉಳಿಯುವದು. ಗಾಡಿಯು ಹೋಯಿತು, ಪಂಪು ಇನ್ನೂ ಇಳಿದಿಲ್ಲ; ಈ ನಡುವಿನ ಒಂದೆರಡು ದಿವಸಗಳಲ್ಲಿಯೇ ಯಮನು ಕಾಯ್ದು ಕುಳಿತಿರುವನು. ಇದನ್ನು ತಡೆಯುವ ಸಲುವಾಗಿಯೇ ದೇಶದ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಸ್ಪಷ್ಟವಾದ ಆಜ್ಞೆಗಳನ್ನು ಕೊಟ್ಟಿದೆ: ಹೊಲದವನು ಹದಿನೈದು ದಿವಸ ಮುಂಚೆ ಬರಹದಲ್ಲಿ ತಿಳಿಸಬೇಕು; ಕೊರೆಯುವವರು ನೋಂದಣಿಯಾಗಿರಬೇಕು; ಸುತ್ತಲೂ ಬೇಲಿ ಹಾಕಿ ಫಲಕವನ್ನು ನಿಲ್ಲಿಸಬೇಕು; ಬಾಯಿಗೆ ಉಕ್ಕಿನ ಮುಚ್ಚಳವನ್ನು ಬೆಸೆಯಬೇಕು; ನೀರು ಬೀಳದ ತೂತನ್ನು ಮಣ್ಣುಕಲ್ಲುಗಳಿಂದ ತಳದಿಂದ ಬಾಯಿಯ ವರೆಗೆ ತುಂಬಬೇಕು. ಆಜ್ಞೆಯಾಗಿ ಹದಿನಾಲ್ಕು ವರ್ಷಗಳ ಮೇಲೆ ಲಚ್ಯಾಣದ ಕೂಸು ಬಿದ್ದಿತು. ಆಜ್ಞೆಯು ಇಂಗ್ಲಿಷಿನಲ್ಲಿದೆ, ಹೊಲದವನ ಭಾಷೆ ಕನ್ನಡ, ಕೊರೆಯುವವನದು ತಮಿಳೋ ಛತ್ತೀಸಗಡಿಯೋ. ಮೂವರ ನಡುವೆ ಮಾತಾಡಬಲ್ಲವನು ದಲಾಲನೊಬ್ಬನೇ. ಅವನಿಗೆ ಅಡಿಯ ಲೆಕ್ಕದ ಹೊರತು ಬೇರೆ ಮಾತು ಬಾರದು.

ಹಾಗಾದರೆ ಈ ಮುನ್ನೆಚ್ಚರಿಕೆಯೆಂಬುದು ಪರದೇಶದಿಂದ ಬಂದ ಶೋಕಿಯೇ? ಹಾಗೆಂದು ಹೇಳುವವರೂ ಇದ್ದಾರೆ. ಅವರು ತಮ್ಮ ಅಜ್ಜಂದಿರ ಹಗೇವುಗಳನ್ನು ಮರೆತಿರುವರು. ನೆಲದೊಳಗಿನ ಹಗೇವಿನಲ್ಲಿ ಜೋಳವನ್ನು ತುಂಬಿ ಬಾಯಿ ಮುಚ್ಚಿದರೆ ಕಾಳು ತಾನೂ ಉಸಿರಾಡುವದು. ಒಳಗಿನ ಆಮ್ಲಜನಕವು ತೀರಿ ಇಂಗಾಲಾಮ್ಲವಾಯುವು ತುಂಬುವದು. ಅದು ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿಯೇ ನಿಲ್ಲುವದು. ಅಕ್ಷರ ಬಾರದ ಒಕ್ಕಲಿಗನಿಗೆ ಈ ರಸಾಯನವು ತಿಳಿದಿರಲಿಲ್ಲ, ಆದರೆ ಅವನು ಹಗೇವನ್ನು ತೆರೆದ ಕೂಡಲೆ ಯಾರನ್ನೂ ಇಳಿಸುತ್ತಿರಲಿಲ್ಲ. ಝಳ ಹೋಗಲೆಂದು ಬಿಡುತ್ತಿದ್ದನು, ದೀಪವನ್ನು ಇಳಿಬಿಟ್ಟು ನೋಡುತ್ತಿದ್ದನು, ದೀಪವು ನಂದಿದರೆ ಮತ್ತೆ ಕಾಯುತ್ತಿದ್ದನು. ಇಳಿಯುವವನ ಸೊಂಟಕ್ಕೆ ಹಗ್ಗ, ಹಗ್ಗದ ತುದಿಯು ಮೇಲಿದ್ದವನ ಕೈಯಲ್ಲಿ. 1948ರ ಕಾರಖಾನೆಗಳ ಕಾಯದೆಯ 36ನೆಯ ಕಲಮು ಹೇಳಿದ್ದು ಇದನ್ನೇ: ವಿಷವಾಯುವಿರಬಹುದಾದ ತೊಟ್ಟಿಗೆ ಇಳಿಯುವ ಮೊದಲು ಪರೀಕ್ಷೆಯಾಗಬೇಕು, ಇಲ್ಲವೆ ಇಳಿಯುವವನಿಗೆ ಉಸಿರಾಟದ ಉಪಕರಣವೂ ಹಗ್ಗ ಕಟ್ಟಿದ ಪಟ್ಟಿಯೂ ಇರಬೇಕು, ಹಗ್ಗವನ್ನು ಹೊರಗೊಬ್ಬನು ಹಿಡಿದಿರಬೇಕು. ಹಗೇವಿನ ಬುದ್ಧಿಯೇ ಕಾಯದೆಯ ಬುದ್ಧಿ.

ಇಲ್ಲಿ ಒಂದು ಎಚ್ಚರವನ್ನು ಹೇಳದೆ ಮುಂದೆ ಹೋಗಲಾಗದು. ಹಳೆಯ ದೀಪದ ಪರೀಕ್ಷೆಯು ಇಂದಿನ ಕಾಕಂಬಿಯ ತೊಟ್ಟಿಗಾಗಲಿ, ಕೊಳೆನೀರಿನ ಗುಂಡಿಗಾಗಲಿ ಸಾಲದು. ಅಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಎಂಬ ವಿಷವಾಯುವು ಪ್ರಾಣ ತೆಗೆಯುವಷ್ಟಿದ್ದರೂ ದೀಪವು ಉರಿಯುತ್ತಲೇ ಇರಬಹುದು. ಹೊತ್ತಿಕೊಳ್ಳುವ ವಾಯುವಿದ್ದರೆ ದೀಪವೇ ಮೃತ್ಯುವಾದೀತು. ಮೊದಲು ಕೊಳೆತ ತತ್ತಿಯ ನಾತದಂತೆ ತಿಳಿಯುವ ಆ ವಾಯುವು, ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುವದು. ನಾತ ಹೋಯಿತೆಂದು ಧೈರ್ಯದಿಂದ ಇಳಿದವನು ಮೇಲೇಳುವದಿಲ್ಲ. ಅವನನ್ನು ಎತ್ತಲು ಇಳಿದ ಎರಡನೆಯವನು, ಮೂರನೆಯವನು ಅಲ್ಲಿಯೇ ಬೀಳುವರು. ಕಾಳಿನ ರಾಶಿಯ ಮೋಸವೂ ಇಂಥದೇ. ತಳದ ಬಾಯಿ ತೆರೆದು ಕಾಳು ಹರಿಯುವಾಗ ಮೇಲೆ ನಿಂತವನು ಅರ್ಧ ನಿಮಿಷದೊಳಗೆ ಮುಳುಗಬಲ್ಲನು. ಸೊಂಟದ ವರೆಗೆ ಹೂತವನನ್ನು ಕೈಹಿಡಿದು ಎಳೆದರೆ ಬರುವದಿಲ್ಲ. ಹಸಿಯಾಗಿ ಹೆಪ್ಪುಗಟ್ಟಿದ ಕಾಳಿನ ಮೇಲ್ಪದರವು ಗಟ್ಟಿ ನೆಲದಂತೆ ಕಂಡು, ಕೆಳಗೆ ಪೊಳ್ಳಿದ್ದು, ಕಾಲಿಟ್ಟೊಡನೆ ಒಡೆಯುವದು. ಇವೆಲ್ಲವೂ ಒಂದು ಮುಂಜಾನೆಯಲ್ಲಿ ಹೇಳಿ ತೋರಿಸಬಹುದಾದ ಸಂಗತಿಗಳು. ಪ್ರಶ್ನೆಯೆಂದರೆ, ಯಾವ ಭಾಷೆಯಲ್ಲಿ?

ಮುಖ್ಯವಾದ ದೋಷವು ಇಲ್ಲಿಯೇ ಇದೆ. ಅದೇ 1948ರ ಕಾಯದೆಯು ಕಾರಖಾನೆಯ ಗೋಡೆಯ ಸೂಚನೆಗಳು ಇಂಗ್ಲಿಷಿನಲ್ಲಿಯೂ, ಕೆಲಸಗಾರರಲ್ಲಿ ಹೆಚ್ಚಿನವರಿಗೆ ತಿಳಿಯುವ ಒಂದು ಭಾಷೆಯಲ್ಲಿಯೂ ಇರಬೇಕೆಂದು ವಿಧಿಸಿತ್ತು. ಹೆಚ್ಚಿನವರಿಗೆ! ನೂರು ಜನರಲ್ಲಿ ಅರವತ್ತು ಜನರು ಕನ್ನಡಿಗರಾದರೆ ಉಳಿದ ನಲವತ್ತು ಬಿಹಾರಿಗಳಿಗೋ ಮರಾಠಿಗರಿಗೋ ತಿಳಿಯದಿದ್ದರೂ ಕಾಯದೆಯ ಮಾತು ನಡೆದಂತೆಯೇ ಆಯಿತು. ಮತದಾನಕ್ಕೆ ಬಹುಮತವು ಸಾಕು. ಬೆಂಕಿಗೆ, ಗಾಳಿಗೆ, ತಿರುಗುವ ಚಕ್ರಕ್ಕೆ ಬಹುಮತ ಅಲ್ಪಮತಗಳ ಭೇದವಿದೆಯೇ? ಅಲ್ಲದೆ ಅತ್ಯಂತ ಅಪಾಯದ ಕೆಲಸವು ಬೀಳುವದು ಬಹುಮತದವರ ಪಾಲಿಗಲ್ಲ. ಊರವನು ಒಲ್ಲೆನೆಂದ ಕೆಲಸಕ್ಕಾಗಿಯೇ ಹೊರಗಿನವನನ್ನು ಕರೆತರುವರು. ಎಂದ ಮೇಲೆ ಸೂಚನೆಯು ಯಾರಿಗೆ ಎಲ್ಲಕ್ಕೂ ಮೊದಲು ತಿಳಿಯಬೇಕೋ ಅವನನ್ನೇ ಹೊರಗಿಟ್ಟು ಬರೆದಂತಾಯಿತು. ಓದು ಬಾರದವನಿಗಂತೂ ಯಾವ ಭಾಷೆಯ ಹಲಗೆಯೂ ಒಂದೇ.

ಕಬ್ಬಿನ ಹೊಲಗಳಲ್ಲಿ ಈ ದೋಷವು ಬೇರೊಂದು ವೇಷದಿಂದ ನಿಂತಿದೆ. ಭೀಮೆಯ ದಂಡೆಯ ಈ ಸೀಮೆಗೆ ಮರಾಠವಾಡಾದ ಟೋಳಿಗಳು ಬರುವವು. ಇಲ್ಲಿಯ ತಾಂಡಾಗಳ ಲಂಬಾಣಿಗಳು ಸಾಂಗಲಿ ಕೊಲ್ಹಾಪುರಗಳ ಕಡೆಗೆ ಹೋಗುವರು. ಇಬ್ಬರಿಗೂ ಕಾರಖಾನೆಯ ಮುಖವು ಗೊತ್ತಿಲ್ಲ. ಗೊತ್ತಿರುವದು ಮುಂಗಡ ಕೊಟ್ಟ ಮುಕಾದಮನ ಮುಖವೊಂದೇ. ಗಂಡಹೆಂಡಿರನ್ನು ಕೂಡಿಸಿ ಒಂದು ಕೋಯ್ತಾ ಎಂದು ಎಣಿಸುವ ಈ ಪದ್ಧತಿಯಲ್ಲಿ ಒಂದು ದಿನ ಜ್ವರ ಬಂದರೆ ದಂಡ, ಬಸುರಾದರೆ ಸಾಲವು ತೀರುವದಿಲ್ಲ. 2019ರಲ್ಲಿ ಮಹಾರಾಷ್ಟ್ರ ಸರಕಾರದ ಸಮಿತಿಯೊಂದು ಬೀಡ ಜಿಲ್ಲೆಯಲ್ಲಿ ಕಬ್ಬು ಕಡಿಯುವ 82,309 ಹೆಂಗಸರನ್ನು ವಿಚಾರಿಸಿದಾಗ 13,861 ಜನರು ಗರ್ಭಕೋಶವನ್ನು ತೆಗೆಯಿಸಿಕೊಂಡಿದ್ದರೆಂದು ತಿಳಿದುಬಂದಿತು. ಇದಕ್ಕೂ ಕಾಕತಾಳೀಯವೆನ್ನುವ ಪಂಡಿತನಿದ್ದರೆ ಮುಂದೆ ಬರಲಿ. ಬೆಳಗಿನ ಕತ್ತಲೆಯಲ್ಲಿ ಹಾವಿನ ಭಯ, ಸಾಯಂಕಾಲ ಏಣಿಯ ಮೇಲೆ ತಲೆಹೊರೆ, ರಾತ್ರಿ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರಿನ ಎರಡೆರಡು ಟ್ರೇಲರುಗಳ ಮೇಲೆ ನಿದ್ರೆ. ಸಕ್ಕರೆಯ ಚೀಲದ ಮೇಲೆ ಕಾರಖಾನೆಯ ಹೆಸರಿದೆ. ಕಬ್ಬು ಕಡಿದವಳ ಹೆಸರು ಆ ಕಾರಖಾನೆಯ ಯಾವ ಪುಸ್ತಕದಲ್ಲಿದೆ?

ಬಸವೇಶ್ವರರು ಹುಟ್ಟಿದ ಬಾಗೇವಾಡಿಯು ಈ ಜಿಲ್ಲೆಯಲ್ಲಿಯೇ ಇರುವದರಿಂದ ಕಾಯಕದ ಮೇಲೆ ವ್ಯಾಖ್ಯಾನಗಳಿಗೇನೂ ಇಲ್ಲಿ ಬರಗಾಲವಿಲ್ಲ. ಹಗ್ಗ ಹೊಸೆದ ನುಲಿಯ ಚಂದಯ್ಯನನ್ನೂ ದೋಣಿ ನಡೆಸಿದ ಅಂಬಿಗರ ಚೌಡಯ್ಯನನ್ನೂ ವೇದಿಕೆಯ ಮೇಲೆ ಹೊಗಳುವ ವಕ್ತಾರರು ಕೆಳಗಿಳಿದು, ಆ ವೇದಿಕೆಯ ಮಂಟಪವನ್ನು ಕಟ್ಟಲು ಮೇಲೇರಿದ ಹುಡುಗನ ಸೊಂಟಕ್ಕೆ ಹಗ್ಗವಿತ್ತೇ ಎಂದು ಕೇಳಿದ್ದುಂಟೇ?

ಮಾಲೀಕರ ಪಕ್ಷದಿಂದ ಎರಡು ಆಕ್ಷೇಪಗಳು ಬರುವವು. ಮುಖವಸ್ತ್ರವನ್ನು ಕೊಟ್ಟರೂ ಕೆಲಸಗಾರರು ಹಾಕಿಕೊಳ್ಳುವದಿಲ್ಲವೆಂಬುದು ಮೊದಲನೆಯದು. ನಿಜ, ವಿಜಯಪುರದ ಬಿಸಿಲಿನಲ್ಲಿ ಮೂಗು ಬಾಯಿ ಕಟ್ಟಿಕೊಂಡು ದುಡಿಯುವದು ಕಷ್ಟ. ಚೀಲದ ಲೆಕ್ಕದ ಮೇಲೆ ಕೂಲಿಯಿದ್ದರೆ ಇನ್ನೂ ಕಷ್ಟ. ಆದರೆ ಮುಖವಸ್ತ್ರವು ಕೊನೆಯ ಉಪಾಯವೇ ಹೊರತು ಮೊದಲನೆಯದಲ್ಲ. ಮೊದಲು ಧೂಳೇ ಏಳದಂತೆ ಮಾಡಬೇಕು, ಚಕ್ರಕ್ಕೆ ಮುಚ್ಚಿಗೆ ಹಾಕಬೇಕು, ಸಂಗ್ರಹಪಾತ್ರೆಯ ಕಾಲುಗಳನ್ನು ಬಲ್ಲವರಿಂದ ವರ್ಷವರ್ಷವೂ ಪರೀಕ್ಷೆ ಮಾಡಿಸಬೇಕು. ಇವು ಕೆಲಸಗಾರನ ಕೈಯಲ್ಲಿಲ್ಲ, ಒಡೆಯನ ಕೈಯಲ್ಲಿವೆ. ತನ್ನ ಪಾಲಿನದನ್ನು ಮಾಡದೆ ಕೂಲಿಯವನ ಮುಖಕ್ಕೊಂದು ಅರಿವೆಯನ್ನು ಕಟ್ಟಿ ಕೈತೊಳೆದುಕೊಳ್ಳುವದು ಉಪಾಯವಲ್ಲ, ಉಪಚಾರ. ಸಣ್ಣ ಒಡೆಯರಿಗೆ ಹಣವಿಲ್ಲವೆಂಬುದು ಎರಡನೆಯದು. ಕೊಳವೆಬಾವಿಯ ಮುಚ್ಚಳಕ್ಕೆ ತಗಲುವದು ಕೆಲವೇ ಅಡಿಗಳನ್ನು ಕೊರೆಯುವ ಬೆಲೆ. ಹಗ್ಗದ ಬೆಲೆಯನ್ನು ಹೇಳುವದೇ ನಾಚಿಕೆ.

ಒಡೆಯರ ಮನಸ್ಸು ಕರಗುವ ವರೆಗೆ ಕಾಯಬೇಕಾಗಿಲ್ಲವೆಂಬುದನ್ನು ಲೋಕದ ಅನುಭವವು ತೋರಿಸಿದೆ. ಜರ್ಮನಿಯು 1884ರಲ್ಲಿ, ಇಂಗ್ಲೆಂಡವು 1897ರಲ್ಲಿ, ಹಿಂದುಸ್ಥಾನವು 1923ರಲ್ಲಿ, ತಪ್ಪು ಯಾರದೆಂಬ ಜಗ್ಗಾಟವನ್ನು ಬದಿಗಿಟ್ಟು, ಕೆಲಸದಲ್ಲಿ ಬಂದ ಗಾಯ ಮರಣಗಳ ಭಾರವನ್ನು ಒಡೆಯರ ಮೇಲೆ ಹೊರಿಸಿದವು. ಸಾವಿಗೆ ಬೆಲೆ ಬಂದಾಗ ಬದುಕಿಗೆ ಬೇಲಿಯೂ ಬರುವದು. 1979ರ ಅಂತರರಾಜ್ಯ ವಲಸೆ ಕೆಲಸಗಾರರ ಕಾಯದೆಯು ಗುತ್ತಿಗೆದಾರನು ಮರಣದ ಸುದ್ದಿಯನ್ನು ಎರಡೂ ರಾಜ್ಯಗಳಿಗೂ ಬಂಧುಗಳಿಗೂ ತಿಳಿಸಬೇಕೆಂದು ವಿಧಿಸಿತು. ಈ ಹಳೆಯ ಕಾಯದೆಗಳನ್ನೆಲ್ಲ ಒಟ್ಟುಗೂಡಿಸಿ 2020ರಲ್ಲಿ ಸಂಸತ್ತು ಒಪ್ಪಿದ ಸಂಹಿತೆಗಳು 2025ರ ನವೆಂಬರ 21ರಿಂದ ಜಾರಿಗೆ ಬಂದಿವೆ. ಒಗ್ಗೂಡಿಸಿದ್ದು ಸರಿ, ಆದರೆ ವಿದ್ಯುತ್ತಿನಿಂದ ನಡೆಯುವ ಕಾರಖಾನೆಯೆನ್ನಿಸಿಕೊಳ್ಳಲು ಹತ್ತು ಜನರು ಸಾಕಾಗುತ್ತಿದ್ದಲ್ಲಿ ಈಗ ಇಪ್ಪತ್ತು ಬೇಕು, ವಲಸೆಗಾರರ ರಕ್ಷಣೆಗೆ ಐದು ಜನರು ಸಾಕಾಗುತ್ತಿದ್ದಲ್ಲಿ ಹತ್ತು ಬೇಕು. ಕೊಳವೆಬಾವಿಯ ಒಂದು ಗಾಡಿಯ ಮೇಲೆ ಹತ್ತು ಜನ ಹೊರನಾಡಿನವರಿರುವದು ಎಷ್ಟು ಸಲ?

ಈ ಜಿಲ್ಲೆಯು ಬರಗಾಲದ ಜಿಲ್ಲೆ. ಸುಗ್ಗಿ ತೀರಿದೊಡನೆ ತಾಂಡಾಗಳಲ್ಲಿ ಮುದುಕರು ಮಕ್ಕಳುಳಿದು, ಗಟ್ಟಿ ಕೈಗಳೆಲ್ಲ ಗೋವೆಗೋ ಮಂಗಳೂರಿಗೋ ಗುಳೆ ಹೋಗುವವು. ಗೋವೆಯಲ್ಲಿ ಘಾಟಿಯೆಂದು ಹಳಿಯಿಸಿಕೊಳ್ಳುತ್ತ ಆರನೆಯ ಅಂತಸ್ತಿನ ಬಿದಿರಿನ ಮೇಲೆ ನಿಂತವನು ಸಿಂದಗಿಯವನು, ಮುದ್ದೇಬಿಹಾಳದವನು. ಅಲ್ಲಿಯ ಹಲಗೆಯ ಮೇಲೆ ಕನ್ನಡದ ಒಂದಕ್ಷರವಿಲ್ಲದೆ ಅವನು ಬಿದ್ದರೆ ಇಲ್ಲಿಯವರು ಹಣೆಬರಹವೆಂದು ಸುಮ್ಮನಾಗುವರೇ? ಸಿಟ್ಟಾಗುವರು, ಆಗಬೇಕಾದದ್ದೇ. ಅಲಿಯಾಬಾದದ ಏಳು ಜನರ ಊರುಗಳಲ್ಲಿಯೂ ಜನರಿಗೆ ಸಿಟ್ಟು ಬಂದಿರಲಾರದೇ?

ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯುವ ಟೋಳಿಗಳು ಬರುವವು; ಬೇಸಿಗೆಗೆ ಕೊರೆಯುವ ಗಾಡಿಗಳು ಇಂಡಿಯ ಹೊಲಗಳನ್ನು ಹೊಗುವವು. ಬರುವವರ ಹೆಸರು, ಊರು, ಭಾಷೆ, ಮುಕಾದಮನ ಗುರುತು ಇವನ್ನು ಬರೆದುಕೊಳ್ಳಲು ಗ್ರಾಮಪಂಚಾಯತಿಗೆ ಒಂದು ಪುಸ್ತಕ ಬೇಕು. ಮೊದಲ ದಿನದ ಮುಂಜಾನೆ ಕೆಲಸಕ್ಕೆ ಕೈಹಚ್ಚುವ ಮುನ್ನ, ಅವರವರ ಭಾಷೆಯನ್ನಾಡುವ ಹಳೆಯ ಕೆಲಸಗಾರನಿಂದಲೇ ಅಪಾಯದ ಸ್ಥಳಗಳನ್ನು ತೋರಿಸಿ ಹೇಳಿಸಬೇಕು. ಆ ಅರ್ಧ ದಿನದ ಕೂಲಿಯನ್ನು ಒಡೆಯನು ಕೊಡಬೇಕು. ಕೊರೆಯುವ ಗಾಡಿಯು ಊರ ಗಡಿಯನ್ನು ದಾಟುವ ಮೊದಲು ತಳವಾರನು ಹೋಗಿ ಬಾವಿಯ ಬಾಯಿಗೆ ಮುಚ್ಚಳವು ಬಿದ್ದದ್ದನ್ನು ಕಣ್ಣಾರೆ ಕಂಡು ಬರಬೇಕು. ಅದನ್ನು ಕಂಡ ಮೇಲೆಯೇ ಹೊಲದವನು ಗಾಡಿಯ ಒಡೆಯನಿಗೆ ಉಳಿದ ಹಣವನ್ನು ಎಣಿಸಲಿ.